ಒಳನಾಡಿನಲ್ಲಿ ಕಡಲ ಪಾಠ

ಹೊಯ್ಸಳರ ರಾಜಧಾನಿಯಾಗಿದ್ದ ಹಳೇಬೀಡಿಗೆ ಹಿಂದೆ ದೋರಸಮುದ್ರವೆಂಬ ಹೆಸರಿತ್ತು. ಅಲ್ಲಿ ಇದ್ದುದು ಸಮುದ್ರವಲ್ಲ. ಒಂದು ವಿಶಾಲವಾದ ಕೆರೆ. ಘಟ್ಟದ ಮೇಲೆ ಬಾಳಿದ ಜನ ತಮ್ಮ ಕೆರೆಯ ನೀರಿಗೇ ಸಮುದ್ರವೆಂದು ಹೆಸರಿಟ್ಟು ಹಿಗ್ಗಿದರು. ಶಾಂತಲಾದೇವಿಯ ಹೆಸರಿನೊಡನೆ ಬೆಸೆದುಕೊಂಡಿರುವ ಶಾಂತಿಗ್ರಾಮವೂ ಅದೇ ನಾಡಿಗೆ ಸೇರಿದ ಊರು. ಬೆಂಗಳೂರಿನಿಂದ ಮಂಗಳೂರಿಗೆ ಸಾಗುವ ಹೆದ್ದಾರಿ ಈ ಊರಿನ ಬಳಿಯಲ್ಲಿಯೇ ಹಾದುಹೋಗುತ್ತದೆ. ಆದರೆ ನಿಜವಾದ ಸಮುದ್ರವನ್ನು ಕಾಣಬೇಕಾದರೆ ಇಲ್ಲಿಂದ ಸುಮಾರು 180 ಕಿಲೋಮೀಟರು ಪ್ರಯಾಣ ಮಾಡಬೇಕು; ಶಿರಾಡಿ ಘಟ್ಟವನ್ನು ಇಳಿಯಬೇಕು.

ಹೀಗಿರುವಾಗ ಶಾಂತಿಗ್ರಾಮದ ವಿದ್ಯಾರ್ಥಿಯು ಉಬ್ಬರವಿಳಿತ, ಲವಣಾಂಶ, ಸಾಗರ ಪ್ರವಾಹ ಮೊದಲಾದ ಪದಗಳನ್ನು ಪುಸ್ತಕದಲ್ಲಿ ಓದುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಬಳಿಕ ಮರೆಯುತ್ತಾನೆ. ಇದರಲ್ಲಿ ಅವನ ತಪ್ಪೇನೂ ಇಲ್ಲ. ಕಂಡಿಲ್ಲದ ವಸ್ತುವನ್ನು ಕೇವಲ ಪದಗಳಿಂದ ಗ್ರಹಿಸುವುದು ಯಾರಿಗಾದರೂ ಕಷ್ಟವೇ. ಗೋಡೆಯ ಭೂಪಟದಲ್ಲಿರುವ ನೀಲಿ ಬಣ್ಣ, ಪ್ರಯೋಗಾಲಯದ ಕಪಾಟಿನಲ್ಲಿರುವ ಒಂದು ಶಂಖ, ಇಷ್ಟರಿಂದ ಕಡಲು ಅರ್ಥವಾಗುವುದಿಲ್ಲ. ಹಾಗಾದರೆ ಕಡಲನ್ನು ಕಲಿಯಲು ಬೇಕಾದ ಸಾಮಗ್ರಿಯನ್ನು ಒಳನಾಡಿನವರು ಎಲ್ಲಿ ಹುಡುಕಬೇಕು?

ಹಾಸನದ ರೈಲು ನಿಲ್ದಾಣದಲ್ಲಿ ಊರಿನ ಹೆಸರನ್ನು ಬರೆದಿರುವ ಹಳದಿ ಫಲಕವನ್ನು ಎಲ್ಲರೂ ನೋಡಿರುತ್ತಾರೆ. ಅದರ ಕೆಳಭಾಗದಲ್ಲಿ ಸಮುದ್ರಮಟ್ಟದಿಂದ ಆ ಸ್ಥಳದ ಎತ್ತರ ಎಷ್ಟೆಂಬುದನ್ನು ಬರೆದಿರುತ್ತಾರೆ. ಅದನ್ನು ಓದುವವರು ವಿರಳ. ಓದಿದರೂ ‘ಸಮುದ್ರಮಟ್ಟ’ವೆಂದರೆ ಯಾವ ಸಮುದ್ರದ, ಯಾವ ದಿನದ ಮಟ್ಟವೆಂದು ಕೇಳುವವರು ಇನ್ನೂ ವಿರಳ. ಕಡಲು ದಿನಕ್ಕೆ ಎರಡು ಬಾರಿ ಏರಿ ಇಳಿಯುತ್ತದೆ. ಆದುದರಿಂದ ಅದರ ಸರಾಸರಿ ಮಟ್ಟವನ್ನು ಅರಿಯಲು ವರ್ಷಗಟ್ಟಲೆ ಅಳೆಯಬೇಕಾಗುತ್ತದೆ. ಭಾರತದ ಭೂಮಾಪಕರು ಒಂಬತ್ತು ಬಂದರುಗಳಲ್ಲಿ ಇಂತಹ ಅಳತೆಗಳನ್ನು ಮಾಡಿಸಿ, 1909ರ ಹೊತ್ತಿಗೆ ದೇಶದ ಎತ್ತರಗಳಿಗೆಲ್ಲ ಒಂದೇ ಆಧಾರಮಟ್ಟವನ್ನು ಗೊತ್ತುಪಡಿಸಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಪೂರ್ವತೀರದ ನಾಗಪಟ್ಟಣವೂ ಒಂದು. ಕಾರವಾರದ ದಕ್ಕೆಯಲ್ಲಿ ಏರಿಳಿದ ಅಲೆ ಹಾಸನದ ಹಳದಿ ಫಲಕದಲ್ಲಿ ಅಂಕಿಯಾಗಿ ನಿಂತಿದೆಯೆಂದರೆ ತಪ್ಪಾಗಲಾರದು.

ಫಲಕಕ್ಕಿಂತಲೂ ಹತ್ತಿರದ ಸಾಮಗ್ರಿ ಮಳೆ. ಜೂನ್ ತಿಂಗಳಲ್ಲಿ ಹಾಸನದ ಆಲೂಗಡ್ಡೆಯ ಹೊಲಗಳ ಮೇಲೆ ಬೀಳುವ ಹನಿ ಅರಬ್ಬೀ ಸಮುದ್ರದ ಕಡೆಯಿಂದ ಬಂದುದು. ಕಡಲ ಆವಿಯನ್ನು ಹೊತ್ತ ನೈಋತ್ಯ ಮಾರುತವು ಸಹ್ಯಾದ್ರಿಗೆ ತಾಗಿ ಮೇಲೇರುತ್ತದೆ; ತಂಪಾಗುತ್ತದೆ; ಹೊತ್ತುದರಲ್ಲಿ ಹೆಚ್ಚಿನ ಪಾಲನ್ನು ಸಕಲೇಶಪುರದ ಸುತ್ತಮುತ್ತ ಸುರಿಸಿಬಿಡುತ್ತದೆ. ಚನ್ನರಾಯಪಟ್ಟಣಕ್ಕೆ ಬರುವ ವೇಳೆಗೆ ಅದರಲ್ಲಿ ಉಳಿದಿರುವುದು ಅಲ್ಪ. ಆದುದರಿಂದಲೇ ಅಲ್ಲಿಯ ವಾರ್ಷಿಕ ಮಳೆ ಸಕಲೇಶಪುರದ ಅರ್ಧದಷ್ಟೂ ಇಲ್ಲ. ಅಕ್ಟೋಬರ್ ಕಳೆಯುತ್ತಲೇ ಗಾಳಿಯ ದಿಕ್ಕು ಬದಲಾಗಿ, ಬಂಗಾಳ ಕೊಲ್ಲಿಯ ತೇವ ಈ ನಾಡನ್ನು ಮುಟ್ಟುತ್ತದೆ. ಹೀಗೆ ಒಂದೇ ಹೊಲಕ್ಕೆ ಎರಡು ಕಡಲುಗಳು ನೀರೆರೆಯುತ್ತವೆ. ಕಡಲ ನೀರು ಉಪ್ಪಾದರೂ ಮಳೆ ಸಿಹಿಯಾಗಿರುವುದೇಕೆ? ಒಂದು ಲೀಟರು ಬಾವಿಯ ನೀರಿನಲ್ಲಿ 35 ಗ್ರಾಮು ಅಡುಗೆ ಉಪ್ಪನ್ನು ಕರಗಿಸಿದರೆ ಹೆಚ್ಚುಕಡಿಮೆ ಸಮುದ್ರದಷ್ಟೇ ಉಪ್ಪಾದ ನೀರು ದೊರೆಯುತ್ತದೆ. ಅದನ್ನು ಕುದಿಸಿ, ಮುಚ್ಚಳಕ್ಕೆ ಹತ್ತಿದ ಹನಿಯನ್ನು ನಾಲಗೆಗೆ ತಾಗಿಸಿ ನೋಡಿದರೆ ಉತ್ತರ ತಾನಾಗಿಯೇ ತಿಳಿಯುತ್ತದೆ. ಇದಕ್ಕೆ ಬೇಕಾದುದು ಅಡುಗೆಮನೆಯ ಒಂದು ಪಾತ್ರೆ ಮಾತ್ರ.

ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆಂಬುದನ್ನು ತೋರಿಸುವ ಒಂದು ಅಪೂರ್ವ ಸ್ಥಳವೂ ಹಾಸನ ಜಿಲ್ಲೆಯಲ್ಲಿಯೇ ಇದೆ. ಸಕಲೇಶಪುರದಿಂದ ಬಿಸಿಲೆಯ ಕಡೆಗೆ ಸಾಗುವ ದಾರಿಯಲ್ಲಿ, ಮಂಕನಹಳ್ಳಿಯ ಬಳಿ, ಒಂದು ಕಲ್ಲನ್ನು ನಿಲ್ಲಿಸಿದ್ದಾರೆ. ಇತ್ತ ಬಂಗಾಳ ಕೊಲ್ಲಿ, ಅತ್ತ ಅರಬ್ಬೀ ಸಮುದ್ರ ಎಂದು ಅದು ಸೂಚಿಸುತ್ತದೆ. ಕಲ್ಲಿನ ಪಶ್ಚಿಮಕ್ಕೆ ಬಿದ್ದ ಹನಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಮಂಗಳೂರಿನಲ್ಲಿ ಕಡಲಾಗುತ್ತದೆ. ಒಂದು ಮಾರು ಪೂರ್ವಕ್ಕೆ ಬಿದ್ದ ಹನಿಯ ಹಣೆಬರಹವೇ ಬೇರೆ. ಅದು ಹೇಮಾವತಿಯನ್ನು ಸೇರಿ, ಗೊರೂರಿನ ಅಣೆಕಟ್ಟಿನಲ್ಲಿ ತಂಗಿ, ಹೊಳೆನರಸೀಪುರವನ್ನು ದಾಟಿ, ಕೃಷ್ಣರಾಜಸಾಗರದಲ್ಲಿ ಕಾವೇರಿಯಾಗುತ್ತದೆ. ಅಲ್ಲಿಂದ ಶಿವನಸಮುದ್ರ, ಮೇಕೆದಾಟು, ಮೆಟ್ಟೂರುಗಳನ್ನು ಹಾದು ತಮಿಳುನಾಡಿನ ಪೂಂಪುಹಾರಿನಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಅಂದರೆ, ನಡುವಿನ ಗದ್ದೆಗಳೂ ನಗರಗಳೂ ಹೀರಿ ಉಳಿದರೆ ಮುಟ್ಟುತ್ತದೆ.

ಈ ದಾರಿಯಲ್ಲಿ ನೀರೊಂದೇ ಸಂಚರಿಸುವುದಿಲ್ಲ. ಕಾವೇರಿಯ ಹೊಳೆಗಳಲ್ಲಿ ಬಾಳುವ ಹಾವುಮೀನಿನ ಜೀವನ ವಿಚಿತ್ರವಾದುದು. ಅದು ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯಿಡುವ ಕಾಲ ಬಂದಾಗ ಹೊಳೆಯನ್ನು ತೊರೆದು ಕಡಲಿಗೆ ಇಳಿಯುತ್ತದೆ. ಅಲ್ಲಿ ಹುಟ್ಟಿದ ಮರಿಗಳು ತಾವೆಂದೂ ಕಾಣದ ಹೊಳೆಗಳನ್ನು ಹುಡುಕಿಕೊಂಡು ಮೇಲೇರಿ ಬರುತ್ತವೆ. ಹಿಲ್ಸಾ ಮೀನಿನ ಕ್ರಮ ಇದಕ್ಕೆ ವಿರುದ್ಧ. ಅದು ಕಡಲಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಬರುತ್ತದೆ. 1934ರಲ್ಲಿ ಮೆಟ್ಟೂರಿನ ಅಣೆಕಟ್ಟು ಮುಗಿದ ಬಳಿಕ ಕಾವೇರಿಯಲ್ಲಿ ಹಿಲ್ಸಾ ಬಹುಮಟ್ಟಿಗೆ ಇಲ್ಲವಾಯಿತು. ಅಣೆಕಟ್ಟುಗಳು ಮೀನನ್ನಷ್ಟೇ ಅಲ್ಲದೆ ಹೂಳನ್ನೂ ತಡೆಯುತ್ತವೆ. ಆ ಹೂಳಿನಿಂದಲೇ ಕಟ್ಟಿಕೊಂಡ ಮುಖಜಭೂಮಿಗೆ ಹೊಸ ಮಣ್ಣು ಬಾರದಿದ್ದರೆ ಕಡಲು ದಡವನ್ನು ಕೊರೆಯುತ್ತ ಬರುತ್ತದೆ. ಅಣೆಕಟ್ಟುಗಳಿಂದ ನಾಡಿಗೆ ಅನ್ನ ದೊರೆತಿರುವುದೂ ನಿಜವೇ. ಆದರೆ ಅನ್ನದ ಲೆಕ್ಕವನ್ನು ಬರೆಯುವಾಗ ಮೀನಿನ ಮತ್ತು ಮಣ್ಣಿನ ಲೆಕ್ಕವನ್ನು ಬಹುಕಾಲ ಯಾರೂ ಬರೆಯಲಿಲ್ಲ. ಹೊಲದಿಂದ ತೊಳೆದುಹೋದ ರಸಗೊಬ್ಬರವೂ, ಸಂತೆಯ ದಿನ ಚರಂಡಿಗೆ ಬಿದ್ದ ಪ್ಲಾಸ್ಟಿಕ್ ಚೀಲವೂ ಇದೇ ದಾರಿಯನ್ನು ಹಿಡಿಯುತ್ತವೆ. ಶಾಲೆಯ ಹಿಂದಿನ ಕಾಲುವೆಯಿಂದ ಆರಂಭಿಸಿ, ಭೂಪಟದಲ್ಲಿ ಬೆರಳಿಟ್ಟು ಈ ದಾರಿಯನ್ನು ಪೂಂಪುಹಾರಿನವರೆಗೆ ಗುರುತಿಸುವುದಕ್ಕೆ ಒಂದು ತರಗತಿಯ ಅವಧಿ ಸಾಕು.

ಕಡಲು ಘಟ್ಟವನ್ನು ಏರಿ ಬರುವ ಇನ್ನೊಂದು ಸ್ಥಳ ಹಾಸನದ ಮೀನುಮಾರುಕಟ್ಟೆ. ಪಶ್ಚಿಮ ಕರಾವಳಿಯ ಬಂಗುಡೆ, ಬೂತಾಯಿಗಳು ಮಂಜುಗಡ್ಡೆಯ ನಡುವೆ ಮಲಗಿ ಅಲ್ಲಿಗೆ ಬರುತ್ತವೆ. ಮಳೆಗಾಲದ ಗಾಳಿಯ ಬಲದಿಂದ ಕಡಲಾಳದ ತಣ್ಣನೆಯ ನೀರು ಕರಾವಳಿಯ ಬಳಿ ಮೇಲೇಳುತ್ತದೆ. ಅದರೊಡನೆ ಬಂದ ಪೋಷಕ ಲವಣಗಳಿಂದ ಪ್ಲವಕಗಳೆಂಬ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಹಿಂಡುಗಳು ಅವುಗಳನ್ನು ತಿಂದು ಕೊಬ್ಬುತ್ತವೆ. ಮೀನುಗಳು ಮರಿಮಾಡುವ ಈ ಕಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ 61 ದಿನಗಳ ನಿಷೇಧವಿದೆ. ವಿದ್ಯಾರ್ಥಿಯು ಒಂದು ಅಳತೆಪಟ್ಟಿಯನ್ನು ಹಿಡಿದುಕೊಂಡು, ವ್ಯಾಪಾರಿಯ ಅನುಮತಿ ಪಡೆದು, ಬುಟ್ಟಿಯಲ್ಲಿರುವ ಇಪ್ಪತ್ತು ಮೀನುಗಳ ಉದ್ದವನ್ನು ಅಳೆದು ಬರೆದುಕೊಳ್ಳಬಹುದು. ಕೇರಳ ಸರ್ಕಾರವು 2015ರಲ್ಲಿ ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14 ಸೆಂಟಿಮೀಟರು ಕನಿಷ್ಠ ಉದ್ದವೆಂದು ಗೊತ್ತುಪಡಿಸಿತು. ಅದಕ್ಕಿಂತ ಚಿಕ್ಕವು ಬುಟ್ಟಿಯಲ್ಲಿ ಹೆಚ್ಚಾಗಿದ್ದರೆ, ಒಮ್ಮೆಯೂ ಮರಿಮಾಡದ ಮೀನುಗಳು ಬಲೆಗೆ ಬೀಳುತ್ತಿವೆಯೆಂದು ತಿಳಿಯಬೇಕು. ವರ್ಷವಿಡೀ ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ ಒಂದು ನೋಟುಪುಸ್ತಕವು, ಕೊಂಡು ತಂದ ಯಾವ ಬಣ್ಣದ ಚಿತ್ರಪಟಕ್ಕಿಂತಲೂ ಬೆಲೆಯುಳ್ಳದ್ದು.

ಇಷ್ಟಾದರೂ ಪುಸ್ತಕಗಳೂ ತಜ್ಞರೂ ಬೇಡವೆಂದಲ್ಲ. ಕಡಲ ತೀರದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1936ರಲ್ಲಿಯೇ ಕನ್ನಡದ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಹೊರತಂದರು. ಆದರೆ ಸಾಗರವಿಜ್ಞಾನ ಅಂದಿನಿಂದ ಬಹುದೂರ ಸಾಗಿದೆ. ಕಡಲ ತಳವು ವಿಸ್ತರಿಸುತ್ತಿರುತ್ತದೆಂಬುದನ್ನು ವಿಜ್ಞಾನಿಗಳು ಒಪ್ಪಿದುದೇ 1960ರ ದಶಕದಲ್ಲಿ. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಭಾರತದಲ್ಲಿಯೇ ಮೊದಲನೆಯದು. 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಮಂಗಳೂರು, ಕಾರವಾರಗಳಲ್ಲಿ ಕೆಲಸಮಾಡುತ್ತ ಬಂದಿದೆ. 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಗೋವೆಯಲ್ಲಿದೆ. ಆದರೆ ಒಳನಾಡಿನ ವಿದ್ಯಾರ್ಥಿಗೆ ಎಲ್ಲಕ್ಕಿಂತ ಧೈರ್ಯ ಕೊಡುವ ಸಂಸ್ಥೆಯು ಕಡಲ ದಡದಲ್ಲಿಯೇ ಇಲ್ಲ. ದಖ್ಖನ್ ಪೀಠಭೂಮಿಯ ಹೈದರಾಬಾದಿನಲ್ಲಿ 1999ರಲ್ಲಿ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರವೊಂದು ಸ್ಥಾಪನೆಯಾಯಿತು. 2004ರ ಡಿಸೆಂಬರ್ 26ರ ಸುನಾಮಿಯ ದುರಂತದ ಬಳಿಕ, 2007ರಿಂದ, ದೇಶಕ್ಕೆ ಸುನಾಮಿಯ ಮುನ್ನೆಚ್ಚರಿಕೆ ನೀಡುವ ಹೊಣೆಯನ್ನು ಹೊತ್ತಿರುವುದು ಈ ಕೇಂದ್ರವೇ. ಅಲೆಯ ಸದ್ದೇ ಕೇಳದ ಊರಿನಲ್ಲಿ ಕುಳಿತು ವಿಜ್ಞಾನಿಗಳು ಹಗಲಿರುಳು ಕಡಲನ್ನು ಕಾಯುತ್ತಾರೆ. ಆರ್ಗೋ ಎಂಬ ಅಂತರರಾಷ್ಟ್ರೀಯ ಯೋಜನೆಯ ಸುಮಾರು ನಾಲ್ಕು ಸಾವಿರ ತೇಲುಯಂತ್ರಗಳು ಜಗತ್ತಿನ ಸಾಗರಗಳಲ್ಲಿ ಅಲೆಯುತ್ತಿವೆ. ಅವು ಹತ್ತು ದಿನಗಳಿಗೊಮ್ಮೆ 2000 ಮೀಟರು ಆಳದಿಂದ ಮೇಲೇರುತ್ತ ನೀರಿನ ಉಷ್ಣತೆಯನ್ನೂ ಲವಣಾಂಶವನ್ನೂ ಅಳೆದು ಉಪಗ್ರಹಕ್ಕೆ ತಿಳಿಸುತ್ತವೆ. ಆ ಅಂಕಿಗಳು ಯಾರ ಸ್ವತ್ತೂ ಅಲ್ಲ. ಶಾಲೆಯ ಗಣಕಯಂತ್ರದಲ್ಲಿ ಅವುಗಳನ್ನು ಪಡೆದು, ಅರಬ್ಬೀ ಸಮುದ್ರಕ್ಕಿಂತ ಬಂಗಾಳ ಕೊಲ್ಲಿಯ ಮೇಲ್ನೀರು ಕಡಿಮೆ ಉಪ್ಪಾಗಿರುವುದನ್ನು ಶಾಂತಿಗ್ರಾಮದ ವಿದ್ಯಾರ್ಥಿಯೂ ನಕ್ಷೆಯ ಹಾಳೆಯಲ್ಲಿ ಬಿಡಿಸಿ ನೋಡಬಹುದು. ಅನೇಕ ಮಹಾನದಿಗಳು ಕೊಲ್ಲಿಗೆ ಸಿಹಿನೀರನ್ನು ತಂದು ಸುರಿಯುವುದೇ ಅದಕ್ಕೆ ಮುಖ್ಯ ಕಾರಣ.

ಹೀಗೆ ಸಿದ್ಧರಾದ ವಿದ್ಯಾರ್ಥಿಗಳು ಶಾಲೆಯ ಪ್ರವಾಸದಲ್ಲಿ ಕಡಲ ತೀರಕ್ಕೆ ಹೋದರೆ ಅವರಿಗೆ ಕಾಣುವುದು ಬರಿಯ ನೀರಲ್ಲ. ಇಳಿತದ ಹೊತ್ತನ್ನು ಮೊದಲೇ ತಿಳಿದುಕೊಂಡು ಹೋದರೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ಚಿಪ್ಪುಜೀವಿ, ಸಣ್ಣಮೀನುಗಳನ್ನು ಕಾಣಬಹುದು. ಕಾಣಬೇಕೇ ಹೊರತು ಕಿತ್ತು ತರಬಾರದು. ಹಿಂದೆ ಶಾಲೆಗಳ ಕಪಾಟಿಗಾಗಿ ಹವಳವನ್ನೂ ಕಡಲಕುದುರೆಯನ್ನೂ ಕೊಂಡು ತರುವುದು ವಾಡಿಕೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು 2001ರಿಂದೀಚೆಗೆ ಇವುಗಳಿಗೂ ರಕ್ಷಣೆ ನೀಡಿದೆ. ಕಲಿಯುವ ಆಸೆಯಿಂದಲೇ ಒಂದು ಜೀವವನ್ನು ಕೊಂದು ಬಾಟಲಿಯಲ್ಲಿಡುವುದು ಎಷ್ಟು ಸರಿಯೆಂಬ ಪ್ರಶ್ನೆ ಕಾಯಿದೆಗಿಂತಲೂ ಹಳೆಯದು.

ಹಿಂತಿರುಗುವಾಗ ವಾಹನದ ಕಿಟಕಿಯ ಬಳಿ ಕುಳಿತವರು ನಿದ್ರೆ ಮಾಡದಿರುವುದು ಒಳ್ಳೆಯದು. ಶಿರಾಡಿ ಘಟ್ಟದಲ್ಲಿ ರಸ್ತೆಯ ಪಕ್ಕಕ್ಕೆ ಕೆಂಪುಹೊಳೆ ಎದುರಾಗಿ ಇಳಿದು ಬರುತ್ತದೆ. ಅದು ಈಗ ತಾನೇ ಬಿಟ್ಟುಬಂದ ಕಡಲಿಗೆ ಹೊರಟ ನೀರು. ಏರು ಮುಗಿದು ಸಕಲೇಶಪುರ ಬಂದಾಗ ಸೇತುವೆಯ ಕೆಳಗೆ ಕಾಣುವುದು ಹೇಮಾವತಿ. ಅದು ಆ ಕಡಲಿಗೆ ಬೆನ್ನುಹಾಕಿ, ಊರಿಗೆ ಮರಳುವ ಮಕ್ಕಳಂತೆ, ಗೊರೂರಿನ ಕಡೆಗೆ ಹೋಗುತ್ತಿರುತ್ತದೆ.