ಶಾಲೆಯಂಗಳದಲ್ಲಿ ರೈಲು ಓಡಿಸೋಣ ಬನ್ನಿ

ಮಕ್ಕಳೇ, ಹಾಸನದಿಂದ ಹೊಳೆನರಸೀಪುರಕ್ಕೆ ರೈಲಿನಲ್ಲಿ ಹೋಗಿದ್ದೀರಾ? ಹೋಗಿದ್ದರೆ ಈ ಅನುಭವ ನಿಮಗೆ ಆಗಿರಬಹುದು. ನಡುವಿನ ಒಂದು ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ. ಹತ್ತುವವರು ಹತ್ತಿದ್ದಾಯಿತು, ಇಳಿಯುವವರು ಇಳಿದದ್ದೂ ಆಯಿತು. ಆದರೂ ರೈಲು ಹೊರಡುವುದಿಲ್ಲ. ಹತ್ತು ನಿಮಿಷವಾದರೂ ಹಾಗೇ ನಿಂತಿದೆ. ಏಕೆಂದು ಕೇಳಿದರೆ ಪಕ್ಕದಲ್ಲಿ ಕುಳಿತ ಅಜ್ಜ ಕಡಲೆಕಾಯಿ ಬಿಡಿಸುತ್ತಾ, "ಕ್ರಾಸಿಂಗ್ ಐತೆ ಮಗಾ" ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಎದುರಿನಿಂದ ಇನ್ನೊಂದು ರೈಲು ಬಂದು ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ. ಆಮೇಲೆ ನಿಮ್ಮ ರೈಲು ಹೊರಡುತ್ತದೆ.

ಇದು ಒಂಟಿ ಹಳಿಯ ಮಾರ್ಗ. ಹೋಗುವ ರೈಲಿಗೂ ಬರುವ ರೈಲಿಗೂ ಇರುವುದು ಒಂದೇ ಜೋಡಿ ಕಂಬಿ. ಎದುರುಬದುರಾಗಿ ಬರುವ ರೈಲುಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಹಾಗಾದರೆ ಎರಡು ರೈಲುಗಳು ದಾರಿಯ ನಡುವೆ ಎದುರಾಗದಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಓದಿ ತಿಳಿಯುವುದಕ್ಕಿಂತ ಆಡಿ ತಿಳಿಯುವುದು ಚೆನ್ನ.

ಕೈತೋಟದಲ್ಲಿ ರೈಲು

ಕೆಲವು ದೇಶಗಳಲ್ಲಿ ದೊಡ್ಡವರೇ ಈ ಆಟ ಆಡುತ್ತಾರೆ ಎಂದರೆ ನಂಬುತ್ತೀರಾ? ಮನೆಯ ಹಿಂದಿನ ತೋಟದಲ್ಲಿ ಹೂಗಿಡಗಳ ನಡುವೆ ಸಣ್ಣ ಹಳಿ ಹಾಕಿ ಮಾದರಿ ರೈಲು ಓಡಿಸುತ್ತಾರೆ. ಮಳೆ ಬಿಸಿಲಿಗೆ ಹೆದರದ ಇಂತಹ ರೈಲುಗಳನ್ನು ಜರ್ಮನಿಯ ಒಂದು ಕಂಪನಿ 1968ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಎರಡು ಕಂಬಿಗಳ ನಡುವಿನ ಅಂತರ 45 ಮಿಲಿಮೀಟರ್. ಅಳತೆ 1:22.5. ಅಂದರೆ ನಿಜವಾದ ರೈಲಿನ 22.5 ಸೆಂಟಿಮೀಟರ್ ಮಾದರಿಯಲ್ಲಿ 1 ಸೆಂಟಿಮೀಟರ್ ಆಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಮೈಸೂರು ಸಂಸ್ಥಾನದ ಕಾಲದಲ್ಲಿ ಮೈಸೂರಿನಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹಾಕಿದ ಮಾರ್ಗ ಮೀಟರ್ ಗೇಜ್ ಆಗಿತ್ತು. ಕಂಬಿಗಳ ನಡುವೆ 1000 ಮಿ.ಮೀ. ಅದನ್ನು 22.5ರಿಂದ ಭಾಗಿಸಿ ನೋಡಿ. 44.4 ಬರುತ್ತದೆ. ಹೆಚ್ಚುಕಡಿಮೆ 45! ನಿಮ್ಮ ಅಜ್ಜ ಅಜ್ಜಿ ಓಡಾಡಿದ ಆ ಹಳೆಯ ಹೊಗೆಗಾಡಿಯ ಮಾದರಿ ಈ ಹಳಿಯ ಮೇಲೆ ಸರಿಯಾಗಿ ಕೂರುತ್ತದೆ. ಅದರ 20 ಮೀಟರ್ ಉದ್ದದ ಬೋಗಿ 89 ಸೆಂ.ಮೀ. ಆಗುತ್ತದೆ. ಆ ಮಾರ್ಗ 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಬ್ರಾಡ್ ಗೇಜ್‌ನ ಅಂತರ 1676 ಮಿ.ಮೀ. ಇದರ ಮಾದರಿಗೆ ಎಷ್ಟು ಅಗಲದ ಹಳಿ ಬೇಕು? ನೀವೇ ಭಾಗಿಸಿ.

ಆದರೆ ದೂರವನ್ನು ಇದೇ ಅಳತೆಯಲ್ಲಿ ಇಳಿಸಲು ಹೋದರೆ ಕೆಲಸ ಕೆಡುತ್ತದೆ. 30 ಕಿ.ಮೀ. ಮಾರ್ಗಕ್ಕೆ 1333 ಮೀಟರ್ ಹಳಿ ಬೇಕು. ಅಷ್ಟು ದೊಡ್ಡ ತೋಟ ಯಾರಿಗಿದೆ? ಅದಕ್ಕೆ ಮಾದರಿ ರೈಲಿನವರು ಉಪಾಯವಾಗಿ ದೂರವನ್ನು ಇನ್ನಷ್ಟು ಕುಗ್ಗಿಸುತ್ತಾರೆ. ದೂರ ಕುಗ್ಗಿದ ಮೇಲೆ ಕಾಲವೂ ಕುಗ್ಗಬೇಕಲ್ಲವೇ? ಅವರ ಗಡಿಯಾರ ಬೇಗ ಬೇಗ ಓಡುತ್ತದೆ. ನಮ್ಮ ಹತ್ತು ನಿಮಿಷ ಅವರ ರೈಲಿಗೆ ಒಂದು ಗಂಟೆ!

ತೋಟದ ರೈಲಿಗೆ ತೊಂದರೆಗಳೂ ಉಂಟು. ಎಲೆ ಉದುರುತ್ತದೆ, ಇರುವೆ ಗೂಡು ಕಟ್ಟುತ್ತದೆ. ಬಿಸಿಲಿಗೆ ಲೋಹದ ಕಂಬಿ ಹಿಗ್ಗುತ್ತದೆ. 10 ಮೀಟರ್ ಉದ್ದದ ಹಿತ್ತಾಳೆಯ ಕಂಬಿ 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಜಾಗ ಬಿಡದಿದ್ದರೆ ಹಳಿ ಹಾವಿನಂತೆ ಡೊಂಕಾಗುತ್ತದೆ.

ಇಂತಹ ರೈಲು ಇಟ್ಟುಕೊಂಡವರು ಆಗಾಗ ಗೆಳೆಯರನ್ನು ಕರೆದು 'ರೈಲು ಓಡಿಸುವ ದಿನ' ಮಾಡುತ್ತಾರೆ. ಅಂದು ರೈಲು ಸುಮ್ಮನೆ ಸುತ್ತುವುದಿಲ್ಲ. ಒಬ್ಬ ಡ್ರೈವರ್, ಒಬ್ಬ ಗಾರ್ಡು, ಪ್ರತಿ ನಿಲ್ದಾಣಕ್ಕೂ ಒಬ್ಬ ಸ್ಟೇಷನ್ ಮಾಸ್ಟರ್, ಎಲ್ಲರ ಮೇಲೆ ಒಬ್ಬ ಕಂಟ್ರೋಲರ್. ವೇಳಾಪಟ್ಟಿ ಇರುತ್ತದೆ. ಪ್ರತಿ ಗೂಡ್ಸ್ ಡಬ್ಬಿಗೂ ಒಂದು ಚೀಟಿ ಇರುತ್ತದೆ. ಯಾವ ಸರಕು, ಎಲ್ಲಿಂದ ಎಲ್ಲಿಗೆ ಎಂದು ಅದರಲ್ಲಿ ಬರೆದಿರುತ್ತದೆ. ನಿಜವಾದ ರೈಲ್ವೆ ನಡೆಯುವಂತೆಯೇ ನಡೆಸಬೇಕು. ಆಟದ ಸ್ವಾರಸ್ಯ ಇರುವುದೇ ಅಲ್ಲಿ.

ನಮ್ಮಲ್ಲಿ ಇಂತಹ ತೋಟದ ರೈಲು ಅಪರೂಪ. ಪುಣೆಯಲ್ಲಿ ಜೋಶಿ ಎಂಬುವರು ಮಾಡಿದ ಸಣ್ಣ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ಅದು ಇರುವುದು ಕಟ್ಟಡದ ಒಳಗೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಲ್ಲಿ ಶುರುವಾದದ್ದು. ಅಲ್ಲಿ ಹಳೆಯ ಎಂಜಿನ್‌ಗಳನ್ನು ಹತ್ತಿರದಿಂದ ನೋಡಬಹುದು, ಮಕ್ಕಳ ಪುಟ್ಟ ರೈಲೂ ಇದೆ. ಶಾಲಾ ಪ್ರವಾಸಕ್ಕೆ ಮೈಸೂರಿಗೆ ಹೋದರೆ ಮೃಗಾಲಯದ ಜೊತೆ ಇದನ್ನೂ ನೋಡಿ ಬನ್ನಿ.

ಮಾದರಿ ರೈಲು ದುಬಾರಿ. ನಮಗೆ ಅದು ಬೇಡ. ಎಂಜಿನ್ ನೀವೇ, ಡಬ್ಬಿಗಳೂ ನೀವೇ.

ಅಂಗಳದಲ್ಲಿ ಹಳಿ ಹಾಕುವುದು

ಬೇಕಾಗುವ ಸಾಮಗ್ರಿ: ಸುಣ್ಣದ ಪುಡಿ, ಆರು ಚೊಂಬು ಅಥವಾ ಡಬ್ಬ, ಅವುಗಳನ್ನು ಮುಚ್ಚಲು ತಟ್ಟೆ, ಒಂಬತ್ತು ಚೆಂಡು ಅಥವಾ ಒಂದೇ ಗಾತ್ರದ ಕಲ್ಲು, ಉದ್ದನೆಯ ಹುರಿ, ಸೆಕೆಂಡು ಮುಳ್ಳಿರುವ ಗಡಿಯಾರ.

ಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಒಂದು ತುದಿ ಹಾಸನ, ಇನ್ನೊಂದು ತುದಿ ಹೊಳೆನರಸೀಪುರ. ನಡುವೆ ಮಾವಿನಕೆರೆ. ಒಂದು ಹೆಜ್ಜೆಗೆ ಒಂದು ಕಿ.ಮೀ. ಎಂದು ಇಟ್ಟುಕೊಂಡು, ಲೆಕ್ಕ ಸುಲಭವಾಗಲೆಂದು ಹಾಸನದಿಂದ ಮಾವಿನಕೆರೆಗೆ 15 ಹೆಜ್ಜೆ, ಅಲ್ಲಿಂದ ಹೊಳೆನರಸೀಪುರಕ್ಕೆ 15 ಹೆಜ್ಜೆ ಮಾಡಿ. ನಿಲ್ದಾಣಗಳಲ್ಲಿ ಮಾತ್ರ ಗೆರೆ ಎರಡಾಗಿ ಕವಲೊಡೆದು ಮತ್ತೆ ಒಂದಾಗಲಿ. ಹಾಸನದಿಂದ ಇನ್ನೊಂದು ದಿಕ್ಕಿಗೆ ಚನ್ನರಾಯಪಟ್ಟಣದ ಗೆರೆ ಎಳೆಯಿರಿ. ನಿಜದಲ್ಲಿ ಆ ಗೆರೆ ಶ್ರವಣಬೆಳಗೊಳ, ಕುಣಿಗಲ್ ದಾಟಿ ಬೆಂಗಳೂರು ಮುಟ್ಟಿದ್ದು 2017ರಲ್ಲಿ. ಅಂಗಳ ಸಾಲದಿದ್ದರೆ ಚನ್ನರಾಯಪಟ್ಟಣಕ್ಕೇ ನಿಲ್ಲಿಸಿ.

ಅರಕಲಗೂಡಿನ ಮಕ್ಕಳು ಮುಖ ಸಣ್ಣ ಮಾಡಬೇಡಿ. ನಿಮ್ಮ ಊರಿಗೆ ಹಳಿ ಇಲ್ಲ, ನಿಜ. ಆದರೆ ರೈಲಿಳಿದವರು ಊರು ಸೇರಬೇಕಲ್ಲ? ಒಬ್ಬರು ಬಸ್ಸಾಗಿ. ಹೊಳೆನರಸೀಪುರ ನಿಲ್ದಾಣದ ಹೊರಗೆ ನಿಂತಿರಿ. ನಿಮ್ಮ ಕೆಲಸ ಎಷ್ಟು ಮುಖ್ಯ ಎಂದು ಆಮೇಲೆ ಗೊತ್ತಾಗುತ್ತದೆ.

ಗಡಿಯಾರದ ಒಂದು ಸೆಕೆಂಡು ನಮ್ಮ ಆಟದಲ್ಲಿ ಒಂದು ನಿಮಿಷ. ಆಗ ಒಂದು ನಿಮಿಷ ಒಂದು ಗಂಟೆಯಾಯಿತು. ಒಂದು ಪೀರಿಯಡ್ ಮುಗಿಯುವುದರೊಳಗೆ ಇಡೀ ದಿನದ ರೈಲುಗಳನ್ನು ಓಡಿಸಬಹುದು. ಪ್ಯಾಸೆಂಜರ್ ರೈಲಿನ ವೇಗ ಗಂಟೆಗೆ 45 ಕಿ.ಮೀ. ಎಂದರೆ 15 ಹೆಜ್ಜೆಯನ್ನು 20 ಸೆಕೆಂಡಿನಲ್ಲಿ ನಡೆಯಬೇಕು. ಗೂಡ್ಸ್ ರೈಲು 30 ಕಿ.ಮೀ. ವೇಗದ್ದು, ಅದಕ್ಕೆ 30 ಸೆಕೆಂಡು. ಗೂಡ್ಸ್‌ನ ಮಕ್ಕಳಿಗೆ ಚೀಟಿ ಕೊಡಿ: ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣದ ತೆಂಗಿನಕಾಯಿ, ಹೀಗೆ.

ಮೊದಲು ಒಂದೇ ಚೆಂಡಿನಿಂದ

ಮಾವಿನಕೆರೆ ಮತ್ತು ಹೊಳೆನರಸೀಪುರದ ನಡುವಿನ ಭಾಗಕ್ಕೆ ಒಂದೇ ಒಂದು ಚೆಂಡು ಇಡಿ. ಕೈಯಲ್ಲಿ ಚೆಂಡಿರುವ ಡ್ರೈವರ್ ಮಾತ್ರ ಆ ಭಾಗಕ್ಕೆ ಕಾಲಿಡಬಹುದು. ಇರುವುದು ಒಂದೇ ಚೆಂಡು, ಆದ್ದರಿಂದ ಎರಡು ರೈಲು ಅಲ್ಲಿ ಇರಲು ಸಾಧ್ಯವೇ ಇಲ್ಲ. ಎಷ್ಟು ಸರಳ! ಹಿಂದೆ ಕೆಲವು ಕಡೆ ಹೀಗೆಯೇ ಒಂದು ಕೋಲನ್ನು ಕೊಟ್ಟು ರೈಲು ಕಳಿಸುತ್ತಿದ್ದರು.

ಸ್ವಲ್ಪ ಹೊತ್ತು ಆಡಿದ ಮೇಲೆ ಮಾವಿನಕೆರೆಯ ಸ್ಟೇಷನ್ ಮಾಸ್ಟರ್ ತಲೆ ಕೆರೆದುಕೊಳ್ಳುತ್ತಾರೆ. ಮೊದಲ ರೈಲು ಚೆಂಡು ತೆಗೆದುಕೊಂಡು ಹೊಳೆನರಸೀಪುರಕ್ಕೆ ಹೋಯಿತು. ಹಿಂದೆಯೇ ಇನ್ನೊಂದು ರೈಲು ಅದೇ ಕಡೆಗೆ ಹೋಗಬೇಕು. ಹಳಿ ಖಾಲಿ ಇದೆ, ಆದರೆ ಚೆಂಡು ಆ ಊರಿನಲ್ಲಿ! ಯಾವುದಾದರೂ ರೈಲು ಅಲ್ಲಿಂದ ಬರುವವರೆಗೆ ಕಾಯಬೇಕು.

ಹಾಗಾದರೆ ಎರಡೂ ಕಡೆ ಚೆಂಡು ಇಟ್ಟರೆ? ಅಪಾಯ. ಇಬ್ಬರೂ ಒಂದೇ ಸಲ ಚೆಂಡು ಕೊಟ್ಟುಬಿಡಬಹುದು. ತಂತಿ ಸಂದೇಶದಲ್ಲಿ ಮಾತಾಡಿಕೊಂಡು ಕೊಟ್ಟರೆ? ಇಂಗ್ಲೆಂಡಿನಲ್ಲಿ ಹಾಗೆ ಮಾಡುತ್ತಿದ್ದರು. 1874ರ ಸೆಪ್ಟೆಂಬರ್ 10ರ ರಾತ್ರಿ ನಾರ್ವಿಚ್ ಎಂಬ ಊರಿನಲ್ಲಿ ಏನಾಯಿತು ಕೇಳಿ. ಮುಂದಿನ ನಿಲ್ದಾಣದಲ್ಲಿದ್ದ ಮೇಲ್ ರೈಲನ್ನು ಕಳಿಸಿ ಎಂಬ ಸಂದೇಶ ನಾರ್ವಿಚ್‌ನಿಂದ ಹೋಯಿತು. ಅಧಿಕಾರಿಯ ಸಹಿ ಇಲ್ಲದೆ ಅದನ್ನು ಕಳಿಸಬಾರದಿತ್ತು, ಗುಮಾಸ್ತ ಕಳಿಸಿಬಿಟ್ಟಿದ್ದ. ಆ ಸಂದೇಶ ಹೋದದ್ದು ತಿಳಿಯದೆ ಅಧಿಕಾರಿ ಈ ಕಡೆಯಿಂದ ಎಕ್ಸ್‌ಪ್ರೆಸ್ ರೈಲನ್ನು ಬಿಟ್ಟರು. ತಪ್ಪು ಗೊತ್ತಾದ ಕೂಡಲೇ ಮೇಲ್ ರೈಲನ್ನು ತಡೆಯಿರಿ ಎಂದು ತಂತಿ ಹೊಡೆದರು. ರೈಲು ಆಗಲೇ ಹೊರಟಾಗಿದೆ ಎಂಬ ಉತ್ತರ ಬಂತು. ಎರಡು ರೈಲುಗಳು ಒಂದೇ ಹಳಿಯ ಮೇಲೆ ಎದುರುಬದುರಾಗಿ ಓಡುತ್ತಿವೆ ಎಂದು ಆ ಕೋಣೆಯಲ್ಲಿದ್ದವರಿಗೆ ತಿಳಿದಿತ್ತು, ತಡೆಯುವ ದಾರಿ ಮಾತ್ರ ಇರಲಿಲ್ಲ. ಥೋರ್ಪ್ ಎಂಬಲ್ಲಿ ರೈಲುಗಳು ಡಿಕ್ಕಿಯಾಗಿ 25 ಜನ ಸತ್ತರು.

ಆ ದುರಂತದ ನಂತರ ಎಡ್ವರ್ಡ್ ಟೈಯರ್ ಎಂಬುವರು 1878ರಲ್ಲಿ ಒಂದು ಯಂತ್ರ ಮಾಡಿದರು. ಎರಡು ನಿಲ್ದಾಣಗಳಲ್ಲಿ ಎರಡು ಪೆಟ್ಟಿಗೆ, ನಡುವೆ ವಿದ್ಯುತ್ ತಂತಿ. ಎರಡರಲ್ಲೂ ಬೇಕಾದಷ್ಟು ಬಿಲ್ಲೆಗಳಿವೆ. ಆದರೆ ಒಂದು ಕಡೆ ಒಂದು ಬಿಲ್ಲೆ ಹೊರಬಂದರೆ ಎರಡೂ ಪೆಟ್ಟಿಗೆಗಳಿಗೆ ಬೀಗ ಬೀಳುತ್ತದೆ. ಆ ಬಿಲ್ಲೆ ಯಾವುದಾದರೂ ಒಂದು ಪೆಟ್ಟಿಗೆಯೊಳಗೆ ಮರಳಿ ಬಿದ್ದ ಮೇಲೆಯೇ ಬೀಗ ತೆರೆಯುವುದು. ನಮ್ಮ ದೇಶದಲ್ಲಿ ಬಿಲ್ಲೆಯ ಬದಲು ಉಕ್ಕಿನ ಗುಂಡು ಬಳಸುವ ಇಂತಹದೇ ಯಂತ್ರ ಬಹಳ ಕಾಲ ಕೆಲಸ ಮಾಡಿತು. ಗುಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲಕ್ಕೆ ದೊಡ್ಡ ಬಳೆ ಕಟ್ಟಿ ಎತ್ತಿ ಹಿಡಿಯುತ್ತಿದ್ದರು. ನಿಲ್ಲದೆ ಹೋಗುವ ರೈಲಿನವರು ಬಾಗಿ ಬಳೆಯೊಳಗೆ ತೋಳು ತೂರಿಸಿ ಅದನ್ನು ಎತ್ತಿಕೊಳ್ಳುತ್ತಿದ್ದರು. ನಿಮ್ಮ ಊರಿನ ಹಿರಿಯರಲ್ಲಿ ಯಾರಾದರೂ ನೋಡಿರಬಹುದು, ಕೇಳಿ. ಈಗ ಹಲವು ಕಡೆ ಹಳಿಯ ಪಕ್ಕದ ಉಪಕರಣವೇ ಗಾಲಿಗಳನ್ನು ಎಣಿಸುತ್ತದೆ. ಒಳಗೆ ಹೋದ ಗಾಲಿಗಳೆಲ್ಲ ಹೊರಗೆ ಬಂದರೆ ಮಾತ್ರ ಹಳಿ ಖಾಲಿ ಎಂದು ಲೆಕ್ಕ.

ಹುರಿ ಮತ್ತು ತಟ್ಟೆಯ ಯಂತ್ರ

ಈಗ ಟೈಯರ್ ಅವರ ಉಪಾಯವನ್ನು ಅಂಗಳಕ್ಕೆ ತನ್ನಿ. ಪ್ರತಿ ಭಾಗದ ಎರಡು ತುದಿಗೂ ಒಂದೊಂದು ಚೊಂಬು. ಹಾಸನದ ಕಡೆಯ ಚೊಂಬಿಗೆ ಎರಡು ಚೆಂಡು, ಆಚೆ ತುದಿಯದಕ್ಕೆ ಒಂದು. ಮಾವಿನಕೆರೆ–ಹೊಳೆನರಸೀಪುರ ಭಾಗದಲ್ಲಿ ಎರಡು ಚೆಂಡು ಮಾವಿನಕೆರೆಯಲ್ಲಿರಲಿ. ಎರಡು ತುದಿಯ ಸ್ಟೇಷನ್ ಮಾಸ್ಟರ್‌ಗಳ ನಡುವೆ, ರೈಲಿನವರ ಕಾಲಿಗೆ ಸಿಗದಂತೆ, ಒಂದು ಹುರಿ. ಹುರಿಯನ್ನು ಒಂದು ಸಲ ಎಳೆದರೆ "ಲೈನ್ ಕ್ಲಿಯರ್ ಇದೆಯೇ?" ಎಂಬ ಪ್ರಶ್ನೆ. ಆ ಕಡೆಯವರು ಎರಡು ಸಲ ಎಳೆದರೆ "ಇದೆ, ಕಳಿಸಿ." ಆಗ ಕೇಳಿದವರು ಒಂದು ಚೆಂಡು ತೆಗೆದು ಡ್ರೈವರ್‌ಗೆ ಕೊಡಬೇಕು. ಕೂಡಲೇ ಇಬ್ಬರೂ ಚೊಂಬಿನ ಮೇಲೆ ತಟ್ಟೆ ಮುಚ್ಚಬೇಕು. ರೈಲು ತಲುಪಿ, ಚೆಂಡು ಆ ಕಡೆಯ ಚೊಂಬಿಗೆ ಬಿದ್ದು, ಹುರಿ ಮೂರು ಸಲ ಎಳೆದ ಮೇಲೆಯೇ ತಟ್ಟೆ ತೆಗೆಯುವುದು. ಬಾಯಲ್ಲಿ ಕೂಗಿ ಹೇಳುವಂತಿಲ್ಲ! ತಟ್ಟೆ ಮುಚ್ಚಲು ನೀವು ಮರೆಯುತ್ತೀರಿ, ಮೊದಲ ದಿನ ಖಂಡಿತ ಮರೆಯುತ್ತೀರಿ. ಆಗ ಯಾವ ರೈಲು ಯಾವುದರ ಎದುರು ಬಂತು ಎಂದು ಗಡಿಯಾರ ಹಿಡಿದವರು ಬರೆದಿಟ್ಟುಕೊಳ್ಳಲಿ.

ಇನ್ನು ಕಂಟ್ರೋಲರ್‌ಗೆ ಒಂದು ಕಷ್ಟ. ಈ ವೇಳಾಪಟ್ಟಿ ಆಟಕ್ಕೆ ಮಾಡಿದ್ದು. ಪ್ಯಾಸೆಂಜರ್ 6 ಗಂಟೆಗೆ ಹಾಸನ ಬಿಟ್ಟು 6.20ಕ್ಕೆ ಮಾವಿನಕೆರೆಗೆ ಬರುತ್ತದೆ. ಗೂಡ್ಸ್ 6 ಗಂಟೆಗೆ ಹೊಳೆನರಸೀಪುರ ಬಿಟ್ಟು 6.30ಕ್ಕೆ ಅಲ್ಲಿಗೆ ಬರುತ್ತದೆ. ಚೆಂಡು ಪಡೆಯಲು 5 ನಿಮಿಷ. ಪ್ಯಾಸೆಂಜರ್ 6.35ಕ್ಕೆ ಹೊರಟು 6.55ಕ್ಕೆ ಹೊಳೆನರಸೀಪುರ ಸೇರುತ್ತದೆ. ಅರಕಲಗೂಡಿನ ಬಸ್ಸು 7 ಗಂಟೆಗೆ. ಎಲ್ಲರೂ ಬಸ್ಸು ಹತ್ತಿದರು, ಸರಿ.

ಇಂದು ಗೂಡ್ಸ್ ಹತ್ತು ನಿಮಿಷ ತಡವಾಗಿ 6.10ಕ್ಕೆ ಸಿದ್ಧವಾಗಿದೆ ಎನ್ನಿ. ಅದನ್ನು ಬಿಟ್ಟರೆ 6.40ಕ್ಕೆ ಮಾವಿನಕೆರೆ. ಪ್ಯಾಸೆಂಜರ್ 6.45ಕ್ಕೆ ಹೊರಟು 7.05ಕ್ಕೆ ತಲುಪುತ್ತದೆ. ಬಸ್ಸು ಹೋಯಿತು! ಗೂಡ್ಸನ್ನು ಹೊಳೆನರಸೀಪುರದಲ್ಲೇ ತಡೆದರೆ? ಪ್ಯಾಸೆಂಜರ್ 6.25ಕ್ಕೆ ಮಾವಿನಕೆರೆ ಬಿಟ್ಟು 6.45ಕ್ಕೇ ಬರುತ್ತದೆ. ಆದರೆ ಗೂಡ್ಸ್ ಹೊರಡುವುದು 6.50ಕ್ಕೆ, ಮಾವಿನಕೆರೆ ಮುಟ್ಟುವುದು 7.20ಕ್ಕೆ. ನಲವತ್ತು ನಿಮಿಷ ನಷ್ಟ. ಬಸ್ಸಿನವರನ್ನು ಐದು ನಿಮಿಷ ನಿಲ್ಲಲು ಕೇಳಬಹುದೇ? ಬಸ್ಸಿನಲ್ಲಿ ಆಗಲೇ ಕುಳಿತವರು ಏನೆನ್ನುತ್ತಾರೆ? ನಾನಾದರೆ ಗೂಡ್ಸನ್ನು ತಡೆಯುತ್ತೇನೆ. ನಿಮ್ಮ ಕಂಟ್ರೋಲರ್ ಬೇರೆ ಹೇಳಬಹುದು. ಕಾರಣ ಕೊಟ್ಟು ವಾದಿಸಿ, ಎರಡೂ ರೀತಿ ಓಡಿಸಿ ನೋಡಿ.

ಆಟ ಅಂಗಳದಲ್ಲೇ ಇರಲಿ. ನಿಜವಾದ ಹಳಿಯ ಹತ್ತಿರ ಹೋಗುವುದು, ಅದರ ಮೇಲೆ ಕಲ್ಲು ನಾಣ್ಯ ಇಡುವುದು ಬೇಡವೇ ಬೇಡ. ವೇಗವಾಗಿ ಬರುವ ರೈಲು ಬ್ರೇಕ್ ಹಾಕಿದರೂ ನಿಲ್ಲಲು ನೂರಾರು ಮೀಟರ್ ಬೇಕು.

ಕೊನೆಗೆ ಒಂದು ತೊಡಕು. ಮಾವಿನಕೆರೆಯಲ್ಲಿ ಎರಡೇ ಗೆರೆ ಎಳೆದಿದ್ದೀರಿ. ಹಾಸನದಿಂದ ಒಂದರ ಹಿಂದೆ ಒಂದು ಎರಡು ರೈಲು ಬಂದು ಎರಡರಲ್ಲೂ ನಿಂತಿವೆ. ಅಷ್ಟರಲ್ಲಿ ಹೊಳೆನರಸೀಪುರದಿಂದ ಮೂರನೆಯ ರೈಲು ಚೆಂಡು ಹಿಡಿದು ಹೊರಟುಬಿಟ್ಟಿದೆ. ಡಿಕ್ಕಿ ಆಗಿಲ್ಲ, ಆದರೆ ಯಾರೂ ಮುಂದೆ ಹೋಗುವಂತಿಲ್ಲ. "ಲೈನ್ ಕ್ಲಿಯರ್ ಇದೆ" ಎಂದು ಹುರಿ ಎಳೆಯುವ ಮೊದಲು ಮಾವಿನಕೆರೆಯ ಸ್ಟೇಷನ್ ಮಾಸ್ಟರ್ ಏನನ್ನು ನೋಡಬೇಕಿತ್ತು? ಈಗ ಯಾವ ರೈಲು ಹಿಂದೆ ಸರಿದರೆ, ಯಾವ ಚೆಂಡು ಎಲ್ಲಿಗೆ ಹೋದರೆ ಈ ಗಂಟು ಬಿಚ್ಚುತ್ತದೆ? ಮೂರು ಜನ ಗೆರೆಯ ಮೇಲೆ ನಿಂತು ಪ್ರಯತ್ನಿಸಿ.