ಮೊಬೈಲ್ ಪ್ರಚಾರಕ್ಕೆ ಸಂಬಳದ ಆಳು ಬೇಕೇ? ಮೊದಲು ಲೆಕ್ಕ ಹಾಕಿ

ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಸುತ್ತಿನ ಹಳ್ಳಿಗಳಲ್ಲಿ ಖಾರಪುಡಿ, ರೊಟ್ಟಿ, ಎರೆಗೊಬ್ಬರ, ತರಕಾರಿ ಸಸಿ ಮಾಡಿ ನೇರ ಮಾರುವವರು ಇದ್ದಾರೆ. ಪೇಟೆಯ ದರವನ್ನೇ ನಂಬಿ ಕೂತರೆ ಏನಾಗುತ್ತದೆ ಎಂದು ಮೆಣಸಿನಕಾಯಿಯವರಿಗೆ ಹೇಳಬೇಕಿಲ್ಲ. 2024ರ ಮಾರ್ಚ್ 11ರಂದು ದರ ಬಿದ್ದ ಸಿಟ್ಟಿಗೆ ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ಎಲ್ಲರೂ ಕಂಡಿದ್ದೇವೆ. ಹಾಗಾಗಿ ಒಂದಿಷ್ಟು ಮಾಲನ್ನಾದರೂ ತಿನ್ನುವವರ ಮನೆಗೇ ಮುಟ್ಟಿಸೋಣ ಎಂಬ ಆಸೆ ಸಹಜ.

ಈ ಆಸೆಯ ಬೆನ್ನಿಗೆ ಇನ್ನೊಂದು ಮಾತು ಬರುತ್ತದೆ. ‘ಕಾಕಾ, ತಿಂಗಳಾ ಎಂಟು ಸಾವಿರ ಕೊಡ್ರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎಲ್ಲಾ ನಾ ನೋಡ್ಕೋತೀನಿ. ನೀವು ಖಾರಪುಡಿ ಕುಟ್ಟಿಸಿ ಇಟ್ರ ಸಾಕು.’ ನನಗೂ ಒಬ್ಬ ಹುಡುಗ ಹೀಗೆ ಹೇಳಿದ. ಹುಡುಗ ಚುರುಕು, ಅವನು ತೆಗೆದ ಫೋಟೋಗಳೂ ಚಂದ. ಆದರೆ ಹೂಂ ಅನ್ನುವ ಮೊದಲು ಒಂದು ವಾರ ಲೆಕ್ಕ ಮಾಡಿದೆ. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಟ್ಟಿದ್ದೇನೆ. ನಿಮ್ಮ ಮಾಲಿಗೆ ನಿಮ್ಮ ಅಂಕಿ ಹಾಕಿಕೊಳ್ಳಿ.

ಕಿಲೋಗೆ ಉಳಿಯುವುದು ಎಷ್ಟು?

ನನ್ನದು ಎರಡು ಎಕರೆ ಮಳೆಯಾಶ್ರಿತ ಬ್ಯಾಡಗಿ ಕಡ್ಡಿ. ಒಳ್ಳೆಯ ವರ್ಷ ಒಣಕಾಯಿ ಆರೂವರೆ ಕ್ವಿಂಟಲ್ ಬರುತ್ತದೆ. ತೊಟ್ಟು, ತೇವ, ಕಸ ಕಳೆದು 1 ಕಿಲೋ ಪುಡಿಗೆ ಸುಮಾರು 1.15 ಕಿಲೋ ಕಾಯಿ ಬೇಕು.

ಕಾಯಿಗೆ ಪೇಟೆ ದರ ಕಿಲೋಗೆ 250 ರೂಪಾಯಿ ಹಿಡಿದರೆ 288 ರೂ. ತೊಟ್ಟು ಬಿಡಿಸುವ ಕೂಲಿ 22. ಗಿರಣಿ 25. ಪಾಕೀಟು, ಲೇಬಲ್ 15. ಒಟ್ಟು 350 ರೂ. ಮಾರುವುದು 500ಕ್ಕೆ, ಕೊರಿಯರ್ ಖರ್ಚು ಗಿರಾಕಿಯದು. ಉಳಿಯುವುದು 150 ರೂ.

ನಮ್ಮದೇ ಹೊಲದ ಕಾಯಿ, ಅದಕ್ಕೇಕೆ ದರ ಹಾಕಬೇಕು ಎಂದು ಕೆಲವರು ಕೇಳುತ್ತಾರೆ. ಹಾಕಲೇಬೇಕು. ಪುಡಿ ಮಾಡದಿದ್ದರೆ ಆ ಕಾಯಿಗೆ ಪೇಟೆಯಲ್ಲಿ ಅಷ್ಟು ಹಣ ಸಿಗುತ್ತಿತ್ತಲ್ಲ! ಪುಡಿಯ ಕೆಲಸದಿಂದ ಹೆಚ್ಚಿಗೆ ಬಂದದ್ದು 150 ಮಾತ್ರ. ಸಂಬಳ ಕೊಡಬೇಕಾದದ್ದು ಇದರಲ್ಲೇ.

ಸಂಬಳ ತೀರಿಸಲು ಎಷ್ಟು ಮಾರಬೇಕು?

ತಿಂಗಳಿಗೆ 8,000 ಅಂದರೆ ವರ್ಷಕ್ಕೆ 96,000. ಇದನ್ನು 150ರಿಂದ ಭಾಗಿಸಿದರೆ 640 ಕಿಲೋ. ಈಗ ನಾನು ವರ್ಷಕ್ಕೆ ಮಾರುವುದು 260 ಕಿಲೋ. ಅದರ ಮೇಲೆ ಇನ್ನೂ 640 ಕಿಲೋ ಹೋದರೆ ಹುಡುಗನ ಸಂಬಳ ತೀರುತ್ತದೆ. ನನಗೆ ಹೆಚ್ಚಿಗೆ ಒಂದು ರೂಪಾಯಿಯೂ ಇಲ್ಲ. ಜಾಹೀರಾತಿಗೆಂದು ಕಂಪನಿಗೆ ಕಟ್ಟುವ ಹಣ ಬೇರೆ.

ಅಷ್ಟು ಕಾಯಿ ಎಲ್ಲಿದೆ? 900 ಕಿಲೋ ಪುಡಿಗೆ ಹತ್ತು ಕ್ವಿಂಟಲ್ ದಾಟಿ ಕಾಯಿ ಬೇಕು. ನನ್ನ ಹೊಲದ್ದು ಆರೂವರೆ. ಉಳಿದದ್ದನ್ನು ಪೇಟೆಯಲ್ಲಿ ಕೊಳ್ಳಬೇಕು. ಬ್ಯಾಡಗಿ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಅದನ್ನು ಕೊಂಡು ಕುಟ್ಟಿಸಿ ‘ನಮ್ಮ ಹೊಲದ್ದು’ ಎಂದು ಮಾರಲಾಗದು. ಅಂದರೆ ಪ್ರಚಾರ ಗೆದ್ದರೂ ನಾನು ರೈತನಾಗಿ ಉಳಿಯುವುದಿಲ್ಲ, ವ್ಯಾಪಾರಿಯಾಗುತ್ತೇನೆ. ಹಾಗಾಗಬೇಕು ಎನ್ನುವವರು ಆಗಲಿ, ತಪ್ಪಿಲ್ಲ. ಆದರೆ ಗೊತ್ತಿದ್ದು ಆಗಬೇಕು.

ಹಂಗಾಮಿನ ಮಾಲು, ವರ್ಷವಿಡೀ ಸಂಬಳ

ನಮ್ಮ ಕಾಯಿ ಮನೆಗೆ ಬರುವುದು ಜನವರಿಯಿಂದ. ಊರ ಮನೆಗಳಲ್ಲಿ ವರ್ಷದ ಖಾರ ಕುಟ್ಟಿಸುವುದು ಬ್ಯಾಸಿಗಿಯಲ್ಲಿ. ನನ್ನ ಮಾರಾಟದ ಪುಸ್ತಕದಲ್ಲೂ ಬಹುಪಾಲು ಫೆಬ್ರವರಿಯಿಂದ ಮೇ ತನಕವೇ ಇದೆ. ಮಳೆ ಹಿಡಿದ ಮೇಲೆ ಪುಡಿಗೆ ತೇವ ತಾಗುವ ಭಯ, ಕೇಳುವವರೂ ಕಡಿಮೆ. ನಾಲ್ಕು ತಿಂಗಳ ಮಾಲಿಗೆ ಹನ್ನೆರಡು ತಿಂಗಳ ಸಂಬಳ ಏಕೆ? ರೊಟ್ಟಿ, ಸಸಿ, ಎರೆಗೊಬ್ಬರದಂತೆ ವರ್ಷವಿಡೀ ಹೋಗುವ ಮಾಲಿದ್ದರೆ ಮಾತು ಬೇರೆ.

ಇನ್ನೊಂದು ವ್ಯತ್ಯಾಸ ಗಮನಿಸಿ. ದಲಾಲರಿಗೆ ಮಾಲು ಮಾರಿದರೆ ಮಾತ್ರ ದುಡಿಮೆ. ಪ್ರಚಾರದ ಹುಡುಗನಿಗೆ ಮಾಲು ಹೋದರೂ ಸಂಬಳ, ಹೋಗದಿದ್ದರೂ ಸಂಬಳ. ಅವನು ತೋರಿಸುವುದು ಲೈಕು, ನೋಡಿದವರ ಸಂಖ್ಯೆ. ಸಾವಿರ ಲೈಕು ಸೇರಿದರೂ ಒಂದು ಕಿಲೋದ ಆರ್ಡರು ಆಗುವುದಿಲ್ಲ.

ಸಂಬಳವಿಲ್ಲದೆ ಆದದ್ದೂ ಉಂಟು

ಮೊಬೈಲ್ ಪ್ರಚಾರವೇ ಸುಳ್ಳು ಅಂತಲ್ಲ. 2020ರ ಲಾಕ್‌ಡೌನಿನಲ್ಲಿ ಹಿರಿಯೂರು ತಾಲೂಕಿನ ಈರುಳ್ಳಿ ಬೆಳೆದ ಹೆಣ್ಣುಮಗಳೊಬ್ಬಳು ತನ್ನ ಕಷ್ಟ ಹೇಳಿ ಮಾಡಿದ ವಿಡಿಯೋ ಮುಖ್ಯಮಂತ್ರಿಗೇ ಮುಟ್ಟಿತು. 2021ರಲ್ಲಿ ಬಾಳೆಕಾಯಿ ಹುಡಿ ‘ಬಾಕಾಹು’ ಹಬ್ಬಿದ್ದು ವಾಟ್ಸಾಪ್ ಗುಂಪುಗಳಿಂದ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಮಹಿಳೆಯರು ಅದರ ದೋಸೆ, ಜಾಮೂನಿನ ಫೋಟೋ ಹಂಚಿಕೊಂಡರು, ಬೇಡಿಕೆ ಬಂತು. ಆ ವರ್ಷದ ಜುಲೈಯಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲೂ ಈ ಮಾತು ಬಂತು. ಎರಡರಲ್ಲೂ ಮಾತಾಡಿದ್ದು ಕೆಲಸ ಮಾಡಿದವರೇ.

ವಾಟ್ಸಾಪ್ ಬಿಸಿನೆಸ್ ಪುಕ್ಕಟೆ ಸಿಗುತ್ತದೆ. ಮಾಲಿನ ಫೋಟೋ, ದರದ ಪಟ್ಟಿಯನ್ನು ಅದರಲ್ಲೇ ಇಡಬಹುದು. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ಅವರು ಉಳಿಸಿಕೊಂಡಿದ್ದರೆ ಮಾತ್ರ ಸುದ್ದಿ ಮುಟ್ಟುತ್ತದೆ. ಹಾಗಾಗಿ ಪಾಕೀಟಿನ ಮೇಲೆ ‘ಈ ನಂಬರ್ ಉಳಿಸಿಕೊಳ್ಳಿ’ ಎಂದು ಅಚ್ಚು ಹಾಕಿಸಿ. ಹಳೇ ಗಿರಾಕಿ ಎರಡನೇ ಸಲ ಕೇಳುವುದು ಹೊಸಬನನ್ನು ಹುಡುಕುವುದಕ್ಕಿಂತ ಅಗ್ಗ.

ಆಳು ಇಟ್ಟುಕೊಂಡರೆ ಈ ಕರಾರು ಇರಲಿ

1. ಖಾತೆ, ಫೋನ್ ನಂಬರ್, ಪಾಸ್‌ವರ್ಡ್ ನಿಮ್ಮ ಹೆಸರಲ್ಲೇ ಇರಲಿ. ಹುಡುಗ ಬಿಟ್ಟು ಹೋದರೂ ಗಿರಾಕಿಗಳು ಉಳಿಯಬೇಕು.

2. ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರಲಿ.

3. ಫೋನಿಗೆ ಉತ್ತರ ಕೊಡುವವರು ಯಾರು, ಪಾಕೀಟು ಕಟ್ಟುವವರು ಯಾರು ಎಂದು ಮೊದಲೇ ಬರೆದುಕೊಳ್ಳಿ. ಈ ಕೆಲಸ ಕೊನೆಗೆ ನಮ್ಮ ತಲೆಗೇ ಬರುತ್ತದೆ.

4. ಸುಳ್ಳು ಬೇಡ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಹಾಗೆಂದು ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಆ ಗುರುತು ಹಾಕುವಂತಿಲ್ಲ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ನಿಜವನ್ನೇ ಹೇಳಿದರೆ ಸಾಕು. ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲದೆ ಪಾಕೀಟು ಮಾರಲಿಕ್ಕೆ ಹೊರಡಬೇಡಿ.

5. ಪ್ರತಿ ಹೊಸ ಗಿರಾಕಿಗೂ ‘ನಮ್ಮ ವಿಷಯ ಎಲ್ಲಿ ತಿಳೀತ್ರಿ?’ ಎಂದು ಕೇಳಿ ಬರೆದಿಡಿ. ಪ್ರಚಾರದಿಂದ ಬಂದದ್ದೆಷ್ಟು ಎಂದು ತಿಳಿಯಲು ಬೇರೆ ದಾರಿ ಇಲ್ಲ.

ನಾವು ಹಿಡಿದ ದಾರಿ

ಒಬ್ಬನ ಹೆಗಲಿಗೆ ಭಾರವಾದದ್ದು ಐವರಿಗೆ ಹಂಚಿದರೆ ಹಗುರ. ಖಾರಪುಡಿ ಮಾಡುವ ಐದು ಮನೆಯವರು ಕೂತು ಮಾತಾಡಿದೆವು. ಹುಡುಗನಿಗೆ ಫೆಬ್ರವರಿಯಿಂದ ಮೇ ತನಕ ನಾಲ್ಕೇ ತಿಂಗಳು ಕೆಲಸ. ಒಟ್ಟು 32,000. ಒಂದು ಮನೆಗೆ 6,400. ಅದನ್ನು 150ರಿಂದ ಭಾಗಿಸಿದರೆ ತಲಾ 43 ಕಿಲೋ. ಇಷ್ಟು ಹೆಚ್ಚಿಗೆ ಮಾರಲು ಸ್ವಂತ ಹೊಲದ ಕಾಯಿಯೇ ಸಾಕು, ಕೊಳ್ಳುವ ಮಾತೇ ಇಲ್ಲ. ಹುಡುಗನೂ ಒಪ್ಪಿದ. ಉಳಿದ ತಿಂಗಳು ಅವನು ಸಸಿ, ರೊಟ್ಟಿಯವರ ಕೆಲಸ ಹಿಡಿಯಬಹುದು.

43 ಕಿಲೋ ನಮ್ಮ ಗೆರೆ. ಮೇ ಕೊನೆಗೆ ಐವರೂ ಪುಸ್ತಕ ತೆರೆಯುತ್ತೇವೆ. ಗೆರೆ ದಾಟಿದವರು ಮುಂದಿನ ವರ್ಷವೂ ಇರುತ್ತಾರೆ, ದಾಟದವರು ಬಿಡಲು ಸ್ವತಂತ್ರರು. ನೀವೂ ಆಳನ್ನು ಕರೆಯುವ ಮೊದಲು ನಿಮ್ಮ ಗೆರೆ ಎಷ್ಟು ಕಿಲೋ ಎಂದು ಬರೆದಿಟ್ಟುಕೊಳ್ಳಿ. ಅಷ್ಟು ಮಾಲು ಮನೆಯಲ್ಲಿ ಇಲ್ಲದಿದ್ದರೆ ಸದ್ಯಕ್ಕೆ ಆಳು ಬೇಡ, ನಿಮ್ಮ ಕೈಯಲ್ಲಿರುವ ಮೊಬೈಲೇ ಸಾಕು.