ಬಸ್ ಚೀಟಿ ಎಸೆಯಬೇಡ, ತಮ್ಮಾ

ಕಾಗದ ಕೊಡದ ಕಚೇರಿಯ ಮೇಲೆ ಹೈಕೋರ್ಟಿಗೆ ಹೋಗಿ ಗೆದ್ದರೆ ವಕೀಲರ ಫೀಸು ವಾಪಸ್ ಬರುತ್ತದಾ ಎಂದು ಮೊನ್ನೆ ಕೇಳಿದೆ. ಅಮೆರಿಕದಲ್ಲಿ ಗೆದ್ದವನಿಗೆ ಅದನ್ನು ಇಲಾಖೆಯಿಂದಲೇ ಕೊಡಿಸಲು ಕಾನೂನಿನಲ್ಲಿ ಅವಕಾಶವಿದೆ. ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ವಕೀಲರ ಫೀಸಿನ ಮಾತೇ ಇಲ್ಲ. ಹೈಕೋರ್ಟಿನಲ್ಲಿ ಖರ್ಚು ಕೊಡಿಸುವುದು ಬಿಡುವುದು ನ್ಯಾಯಮೂರ್ತಿಗಳ ವಿವೇಚನೆ. ಅದನ್ನು ನಂಬಿ ಸಾಲ ಮಾಡಬೇಡ.

ಆದರೆ ಕಾಯ್ದೆಯ 19(8)(ಬಿ) ಕಲಮು ನೆನಪಿಟ್ಟುಕೋ. ಮಾಹಿತಿ ಸಿಗದೆ ನಿನಗಾದ ನಷ್ಟಕ್ಕೆ, ತೊಂದರೆಗೆ ಇಲಾಖೆಯಿಂದ ಪರಿಹಾರ ಕೊಡಿಸುವ ಅಧಿಕಾರ ಮಾಹಿತಿ ಆಯೋಗಕ್ಕಿದೆ. ಇದನ್ನು ದಂಡದ ಜೊತೆ ಬೆರೆಸಬೇಡ. ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ಅಧಿಕಾರಿಗೆ ಬೀಳುವ ದಂಡದಲ್ಲಿ ನಿನಗೆ ಬಿಡಿಗಾಸೂ ಬರುವುದಿಲ್ಲ.

ಈ ಪರಿಹಾರ ಕೇಳದೆ ಕೆಟ್ಟು ಕೂತವನು ನಾನು. ಒಂದು ಕಚೇರಿಯಿಂದ ಹೊಲದ ಕಾಗದ ತೆಗೆಸಲು ಎರಡು ವರ್ಷ ಓಡಾಡಿದೆ, ವಕೀಲರಿಗೂ ಕೊಟ್ಟೆ. ಕಾಗದವೇನೋ ಸಿಕ್ಕಿತು. ಪರಿಹಾರ ಬೇಕೆಂದು ಮೇಲ್ಮನವಿಯಲ್ಲಿ ಒಂದು ಸಾಲೂ ಬರೆದಿರಲಿಲ್ಲ, ತೋರಿಸಲು ಒಂದು ಚೀಟಿಯೂ ಉಳಿದಿರಲಿಲ್ಲ. ಆ ಎರಡು ವರ್ಷ ಹೋದದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಅಂಚೆ ರಸೀದಿ, ಜೆರಾಕ್ಸ್ ಬಿಲ್ಲು, ನಾರಾಯಣಖೇಡದಿಂದ ಸಂಗಾರೆಡ್ಡಿಗೆ, ತಾಂಡೂರಿನಿಂದ ವಿಕಾರಾಬಾದಿಗೆ ಹೋದ ಬಸ್ ಚೀಟಿ, ಕೂಲಿ ತಪ್ಪಿದ ದಿನದ ಲೆಕ್ಕ, ಎಲ್ಲ ಒಂದು ಚೀಲದಲ್ಲಿರಲಿ. ಅರ್ಜಿಗೆ 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಹೈದರಾಬಾದಿನ ತೆಲಂಗಾಣ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗು. ಅಲ್ಲಿ ಕೇಳುವ ಪರಿಹಾರಕ್ಕೆ ಬೇರೆ ಪ್ಯಾರಾ ಮಾಡಿ, ಮೊತ್ತ ಬರೆದು, ಚೀಟಿಗಳ ನಕಲು ಅಂಟಿಸು. ವಕೀಲರೇ ಬೇಕೆಂದಿಲ್ಲ. ನಿರಾಕರಿಸಿದ್ದು ಸರಿ ಎಂದು ರುಜುವಾತು ಮಾಡುವ ಹೊರೆ ಅಧಿಕಾರಿಯದು. ಗಡುವು ಮೀರಿ ಕೊಟ್ಟ ನಕಲಿಗೆ ಪುಟದ ದುಡ್ಡೂ ಕೇಳುವಂತಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆ, ತಾಂಡೂರು ಗುಲ್ಬರ್ಗ ಜಿಲ್ಲೆ. ಹೀಗಾಗಿ ನಿಮ್ಮಜ್ಜನ 1954-55ರ ಖಾಸ್ರಾ ಪಹಣಿ ಇಲ್ಲಿ ಸಿಗದಿದ್ದರೆ ಬೀದರಿಗೂ ಬೇರೆ ಅರ್ಜಿ ಹಾಕು. ಕರ್ನಾಟಕದ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ಅಲ್ಲಿ ಕನ್ನಡದಲ್ಲಿ ಬರೆ. ಇಲ್ಲಿ ತೆಲುಗು, ಉರ್ದು, ಹಿಂದಿ, ಇಂಗ್ಲಿಷ್, ಯಾವುದಾದರೂ ನಡೆಯುತ್ತದೆ. ಬರೆಯಲು ಬರದವನ ಬಾಯಿಮಾತನ್ನು ಅರ್ಜಿಯಾಗಿ ಬರೆಯಲು ನೆರವಾಗುವುದು ಅಧಿಕಾರಿಯ ಕರ್ತವ್ಯ, ಅದನ್ನು ಕೇಳಲು ನಾಚಬೇಡ.

ಹೈಕೋರ್ಟು ಸದ್ಯಕ್ಕಿರಲಿ. ಸೋಮವಾರ ಮಂಡಲ ಕಚೇರಿಗೆ ಹೋಗು, ಅರ್ಜಿ ಫೀಸು ಐದೇ ರೂಪಾಯಿ. ರಸೀದಿ ಕೈಗೆ ಬರುವವರೆಗೆ ಕದಲಬೇಡ. ಚೀಲ ನಾನು ಹೊಲಿಸಿಟ್ಟಿದ್ದೇನೆ, ಹೋಗುವಾಗ ಮನೆಗೆ ಬಂದು ತಗೊಂಡು ಹೋಗು.